ಬಂಡಿ, ಬೈಕು ಮತ್ತು ಮೂರು ನಲವತ್ತು

ಮೂರು ಗಂಟೆ ನಲವತ್ತು ನಿಮಿಷ. ಮುಳ್ಳುಗಳ ನಡುವಿನ ಕೋನ ಎಷ್ಟು? ಶಹಾಪುರದಲ್ಲಿ ಪಿಡಿಒ ಪರೀಕ್ಷೆಗೆ ಓದುತ್ತಿರುವ ಚಿಕ್ಕಪ್ಪನ ಮಗಳು ರಾತ್ರಿ ಹನ್ನೊಂದಕ್ಕೆ ವಾಟ್ಸಾಪಿನಲ್ಲಿ ಕೇಳಿದಳು. "ಅಣ್ಣಾ, 150 ಅಲ್ಲೇನು?"

ಆಯ್ಕೆಗಳಲ್ಲಿ 150 ಇದ್ದೇ ಇರತದ ನೋಡ್ರಿ. ನಿಮಿಷದ ಮುಳ್ಳು ಎಂಟರ ಮೇಲೆ, ಅಂದರೆ 240 ಡಿಗ್ರಿ. ಗಂಟೆ ಮುಳ್ಳು ಮೂರರ ಮೇಲೆ, 90. ಕಳೆದರೆ 150. ಆದರೆ ಆ ನಲವತ್ತು ನಿಮಿಷ ಗಂಟೆ ಮುಳ್ಳೇನು ಸುಮ್ಮನೆ ಕೂತಿತ್ತಾ? ಕೆಪಿಎಸ್‌ಸಿ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಕಾಲು ಭಾಗ ಅಂಕ ಕಡಿತ. ಪಾಯಿಂಟುಗಳಲ್ಲಿ ನೌಕರಿ ತಪ್ಪಿದವರು ನಮ್ಮ ಕಡೆ ಮನೆಗೊಬ್ಬರಿದ್ದಾರೆ.

ಸೂತ್ರ ಬಾಯಿಪಾಠ ಮಾಡಿದರೆ ಪರೀಕ್ಷೆ ಹಾಲಿನಲ್ಲಿ ಕೈಕೊಡುತ್ತದೆ. ಅದಕ್ಕೇ ಶಹಾಪುರ–ಸುರಪುರ ರಸ್ತೆ ನೆನೆಸಿಕೋ ಅಂದೆ. ಗಂಟೆ ಮುಳ್ಳು ಎತ್ತಿನ ಬಂಡಿ, ತಾಸಿಗೆ 5 ಕಿ.ಮೀ. ನಿಮಿಷದ ಮುಳ್ಳು ಬೈಕು, ತಾಸಿಗೆ 60. ಹನ್ನೆರಡು ಪಟ್ಟು, ಗಡಿಯಾರದಲ್ಲೂ ಅಷ್ಟೇ. ನಿಮಿಷಕ್ಕೆ ಬೈಕು 6 ಡಿಗ್ರಿ ಓಡಿದರೆ ಬಂಡಿ ಅರ್ಧ ಡಿಗ್ರಿ. ಅಂದರೆ ಬೈಕು ನಿಮಿಷಕ್ಕೆ ಐದೂವರೆ ಡಿಗ್ರಿ ಹೆಚ್ಚು ಹೋಗುತ್ತದೆ.

ಮೂರಕ್ಕೆ ಬಂಡಿ 90 ಡಿಗ್ರಿ ಮುಂದಿದೆ. ನಲವತ್ತು ನಿಮಿಷಕ್ಕೆ ಬೈಕಿನ ಗಳಿಕೆ 220. ಅದರಲ್ಲಿ 90 ಕಳೀರಿ, 130. ಉತ್ತರ ಬಂತು. ಎರಡೂ ಕೂಡುವುದು ಯಾವಾಗ ಅಂತ ಕೇಳಿದರೂ ಇದೇ ಲೆಕ್ಕ: 90ನ್ನು ಐದೂವರೆಯಿಂದ ಭಾಗಿಸಿದರೆ 16 ನಿಮಿಷ 22 ಸೆಕೆಂಡು, ಹತ್ತಿರ ಹತ್ತಿರ. ಹನ್ನೆರಡು ತಾಸಿನಲ್ಲಿ ಹೀಗೆ ಕೂಡುವುದು 11 ಸಲ ಮಾತ್ರ. ಹನ್ನೊಂದರಿಂದ ಒಂದರವರೆಗಿನ ಎರಡು ತಾಸಿಗೆ ಒಂದೇ ಭೇಟಿ, ಅದೂ ಸರಿಯಾಗಿ ಹನ್ನೆರಡಕ್ಕೆ. ಉತ್ತರ 180 ದಾಟಿದರೆ 360ರಿಂದ ಕಳೆಯಬೇಕು. ಜಾಹೀರಾತಿನ ವಾಚುಗಳು ತೋರಿಸುವ ಹತ್ತೂಹತ್ತಕ್ಕೆ 245 ಬರುತ್ತದೆ, ಬರೆಯಬೇಕಾದ್ದು 115.

"ಅಣ್ಣಾ, ಇದು ಪರೀಕ್ಷೆ ಬಿಟ್ಟು ಎಲ್ಲಿ ಬರತದ?" ಅಂದಳು. ನ್ಯಾಯವಾದ ಪ್ರಶ್ನೆ. ತಲೆ ಮೇಲಿನ ಸೂರ್ಯನೂ ಒಂದು ಮುಳ್ಳೇ ಅಲ್ವಾ? ಗಂಟೆ ಮುಳ್ಳು ತಾಸಿಗೆ 30 ಡಿಗ್ರಿ, ಸೂರ್ಯ 15. ಒಂದು ಡಿಗ್ರಿಗೆ ನಾಲ್ಕು ನಿಮಿಷ. ನಮ್ಮ ಫೋನಿನ ಸಮಯವೆಲ್ಲ 82.5 ಡಿಗ್ರಿ ರೇಖಾಂಶದ್ದು, 1906ರಿಂದ. ಮೆಡೋಸ್ ಟೇಲರ್ ಸಾಹೇಬ ಸುರಪುರದಲ್ಲಿದ್ದ 1840ರ ದಶಕದಲ್ಲಿ ದೇಶಕ್ಕೆಲ್ಲ ಒಂದೇ ಸಮಯ ಅಂತ ಇರಲಿಲ್ಲ, ಊರೂರಿಗೂ ತನ್ನದೇ ನಡುಮಧ್ಯಾಹ್ನ.

ಸುರಪುರ ಇರುವುದು ಸುಮಾರು 76.75 ಡಿಗ್ರಿಯಲ್ಲಿ. ವ್ಯತ್ಯಾಸ 5.75, ನಾಲ್ಕರಿಂದ ಗುಣಿಸಿದರೆ 23 ನಿಮಿಷ. ಫೋನಿನಲ್ಲಿ ಹನ್ನೆರಡಾಗಿ ಮುಳ್ಳುಗಳೆರಡೂ ಕೂಡಿದಾಗ ಸುರಪುರದ ಸೂರ್ಯ ಸರಾಸರಿ ಅಷ್ಟು ಹಿಂದಿರುತ್ತಾನೆ. ಯಾದಗಿರಿಗೆ ಇಪ್ಪತ್ತೊಂದೂವರೆ. ನಮ್ಮ ಜಿಲ್ಲೆಯ ಒಳಗೇ ಒಂದೂವರೆ ನಿಮಿಷದ ಫರಕು ಅದ ನೋಡ್ರಿ.