ಒಬ್ಬ ವೈದ್ಯರಿದ್ದರೆ ಸಾಕೇ?

೨೦೨೫ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಬಂದ ಹೃದಯಾಘಾತದ ಸುದ್ದಿಗಳು ನಾಡನ್ನೇ ತಲ್ಲಣಗೊಳಿಸಿದವು. ಸುಮಾರು ೪೦ ದಿನಗಳಲ್ಲಿ ೨೦ಕ್ಕೂ ಹೆಚ್ಚು ಸಾವುಗಳು ವರದಿಯಾದಾಗ, ಭಯಗೊಂಡ ಜನರು ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ತಜ್ಞರ ಸಮಿತಿಯು ಈ ಸಾವುಗಳನ್ನು ಪರಿಶೀಲಿಸಿ, ಅಸಾಧಾರಣ ಏರಿಕೆಯೇನೂ ಕಂಡುಬಂದಿಲ್ಲವೆಂದು ತಿಳಿಸಿತು. ಮೃತರಲ್ಲಿ ಹಲವರಿಗೆ ಮಧುಮೇಹ, ಅಧಿಕ ರಕ್ತದೊತ್ತಡ, ಧೂಮಪಾನ, ಮದ್ಯಪಾನಗಳ ಹಿನ್ನೆಲೆಯಿತ್ತು.

ಇವು ಒಂದೇ ರಾತ್ರಿಯಲ್ಲಿ ಬರುವ ಕೇಡುಗಳಲ್ಲ. ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುವಂಥವು. ಆದ್ದರಿಂದ ಇವುಗಳನ್ನು ಗುರುತಿಸಬೇಕಾದ ಸ್ಥಳ ಮೈಸೂರಲ್ಲ, ದಂಡಿಗನಹಳ್ಳಿಯಂತಹ ಹೋಬಳಿಯ ಆರೋಗ್ಯ ಕೇಂದ್ರ. ಅಲ್ಲಿ ಯಾರಿರಬೇಕು ಎಂಬುದೇ ಇಂದಿನ ವಿಚಾರ.

ಬಯಲುಸೀಮೆಯಲ್ಲಿ ೩೦,೦೦೦ ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ೫,೦೦೦ ಜನರಿಗೆ ಒಂದು ಉಪಕೇಂದ್ರ, ೧,೦೦೦ ಜನರಿಗೆ ಒಬ್ಬ ಆಶಾ ಕಾರ್ಯಕರ್ತೆ ಎಂಬುದು ಮಾನದಂಡ. ೩೦ ವರ್ಷ ದಾಟಿದವರ ಪಟ್ಟಿಯನ್ನು ಆಶಾ ಸಿದ್ಧಪಡಿಸುತ್ತಾಳೆ. ಉಪಕೇಂದ್ರದ ಶುಶ್ರೂಷಕಿಯು ರಕ್ತದೊತ್ತಡ, ಸಕ್ಕರೆಯ ಪ್ರಮಾಣಗಳನ್ನು ನೋಡುತ್ತಾಳೆ. ಪ್ರಯೋಗಾಲಯದ ತಂತ್ರಜ್ಞರು ರಕ್ತಪರೀಕ್ಷೆ ಮಾಡುತ್ತಾರೆ; ವೈದ್ಯರು ಚಿಕಿತ್ಸೆ ನಿರ್ಧರಿಸುತ್ತಾರೆ; ಔಷಧ ವಿತರಕರು ಮಾತ್ರೆ ಕೊಡುತ್ತಾರೆ. ಮಾತ್ರೆ ನಿಲ್ಲಿಸಿದವನ ಮನೆಬಾಗಿಲಿಗೆ ಹೋಗುವವಳು ಮತ್ತೆ ಅದೇ ಆಶಾ. ತಂತ್ರಜ್ಞರಿಲ್ಲದಿದ್ದರೆ ವೈದ್ಯರು ಊಹೆಯನ್ನೇ ನೆಚ್ಚಬೇಕು. ಗುಮಾಸ್ತರಿಲ್ಲದಿದ್ದರೆ ಶುಶ್ರೂಷಕಿಯ ದಿನವೆಲ್ಲ ರಿಜಿಸ್ಟರ್ ತುಂಬುವುದರಲ್ಲೇ ಕಳೆಯುತ್ತದೆ. ತರ್ಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ವೈದ್ಯರು ಅವಶ್ಯಕರು. ಆದರೆ ಅವರೊಬ್ಬರೇ ಸಾಲದು.

ಹಾಗಾದರೆ ಕಡಿಮೆ ಸಂಬಳದವರನ್ನು ವೈದ್ಯರ ಪೀಠದಲ್ಲಿ ಕೂರಿಸಬಹುದೇ? ಛತ್ತೀಸಗಢದಲ್ಲಿ ನಡೆದು ೨೦೧೩ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಲ್ಲಿ ಬೋಧಪ್ರದವಾಗಿದೆ. ಸಾಮಾನ್ಯ ಕಾಯಿಲೆಗಳ ನಿರ್ವಹಣೆಯಲ್ಲಿ, ಮೂರು ವರ್ಷ ಅದಕ್ಕಾಗಿಯೇ ತರಬೇತಿ ಪಡೆದ ಗ್ರಾಮೀಣ ವೈದ್ಯಕೀಯ ಸಹಾಯಕರು ಎಂ.ಬಿ.ಬಿ.ಎಸ್. ವೈದ್ಯರಿಗೆ ಸರಿಸಮಾನರಾಗಿದ್ದರು. ಅಂತಹ ತರಬೇತಿಯಿಲ್ಲದೆ ವೈದ್ಯರ ಕೆಲಸ ನಿರ್ವಹಿಸುತ್ತಿದ್ದ ಅರೆವೈದ್ಯಕೀಯ ಸಿಬ್ಬಂದಿ ಬಹಳ ಹಿಂದುಳಿದಿದ್ದರು. ತಕ್ಕ ತರಬೇತಿಯೊಡನೆ ಹೊಣೆಯನ್ನು ಹಂಚುವುದು ವಿವೇಕ; ತರಬೇತಿ ಕೊಡದೆ ಹೊಣೆ ಹೊರಿಸುವುದು ಉಳಿತಾಯದ ಹೆಸರಿನ ಅನ್ಯಾಯ.

ಗೌರವಧನಕ್ಕಾಗಿ ಆಶಾ ಕಾರ್ಯಕರ್ತೆಯರು ೨೦೨೫ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರಬೇಕಾಯಿತು. ಸರಪಳಿಯ ಮೊದಲ ಕೊಂಡಿಯೇ ಬೀದಿಯಲ್ಲಿ ಕುಳಿತಾಗ ಉಳಿದವು ಏನನ್ನು ಹಿಡಿದು ನಿಲ್ಲಬೇಕು?

ಪ್ರಿಯ ಓದುಗರೇ, ಮಗಳನ್ನೋ ಸೊಸೆಯನ್ನೋ ಶುಶ್ರೂಷಾ ವೃತ್ತಿಗೆ ಕಳುಹಿಸಿದ ಕುಟುಂಬಗಳು ನಮ್ಮಲ್ಲಿ ವಿರಳವಲ್ಲ. ಆ ದುಡಿಮೆಯ ಭಾರವನ್ನು ನಿಮಗೆ ವಿವರಿಸಬೇಕಾಗಿಲ್ಲ. ಮುಂದಿನ ಗ್ರಾಮಸಭೆಯಲ್ಲಿ "ಡಾಕ್ಟರು ಇದ್ದಾರೆಯೇ?" ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಶುಶ್ರೂಷಕಿಯರೆಷ್ಟು, ತಂತ್ರಜ್ಞರಿದ್ದಾರೆಯೇ, ಖಾಲಿ ಹುದ್ದೆಗಳೆಷ್ಟು ಎಂದೂ ಕೇಳಿರಿ. ಸಾವಿನ ಸುದ್ದಿ ಬಂದ ಮೇಲೆ ಜಯದೇವದ ಮುಂದೆ ಸಾಲು ನಿಲ್ಲುವುದಕ್ಕಿಂತ, ಬದುಕಿರುವಾಗ ನಮ್ಮೂರಿನ ಕೇಂದ್ರದಲ್ಲಿ ಈ ಪ್ರಶ್ನೆ ಕೇಳುವುದು ಲೇಸು.