ನಾಳೆ ಬಾ

ತೊಂಬತ್ತರ ದಶಕದಲ್ಲಿ ನಮ್ಮ ಊರುಗಳ ಮನೆಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದಿರುತ್ತಿದ್ದುದು ನನ್ನ ವಯಸ್ಸಿನವರಿಗೆಲ್ಲ ನೆನಪಿರಬೇಕು. ರಾತ್ರಿ ಹೊತ್ತು ದೆವ್ವವೊಂದು ಬಂದು ಬಾಗಿಲು ತಟ್ಟುತ್ತದೆ, ಆ ಬರಹವನ್ನು ಓದಿ ಸುಮ್ಮನೆ ಹಿಂದಿರುಗುತ್ತದೆ, ಮರುದಿನ ಬಂದರೂ ಅದೇ ಬರಹ. ಅಕ್ಷರ ಬಲ್ಲ, ಹೇಳಿದ ಮಾತು ಕೇಳುವ ಸಂಭಾವಿತ ದೆವ್ವ! ಇಂದು ಮನೆಬಾಗಿಲುಗಳಲ್ಲಿ ಆ ಬರಹ ಕಾಣುವುದಿಲ್ಲ. ಆದರೆ ಆಸ್ಪತ್ರೆಯ ಲ್ಯಾಬಿನ ಕಿಟಕಿಯಲ್ಲಿ ಅದೇ ಮಾತನ್ನು ದಿನಕ್ಕೆ ನೂರು ಸಲ ಕೇಳಬಹುದು. “ರಿಪೋರ್ಟು ನಾಳೆ ಬನ್ನಿ.” ಕೇಳಿ ಹಿಂದಿರುಗುವವರಲ್ಲಿ ಹೆಚ್ಚಿನವರು ನಾವೇ, ಹೆಂಗಸರು.

ಗಂಡಸಿಗೆ ನಾಳೆ ಎಂದರೆ ಇನ್ನೊಂದು ದಿನ. ಹೆಂಗಸಿಗೆ ನಾಳೆ ಎಂದರೆ ಇನ್ನೊಂದು ಸಲ ಅಡುಗೆ ಮುಂಚೆ ಮುಗಿಸುವುದು, ಇನ್ನೊಂದು ಸಲ ರಜೆ ಕೇಳುವುದು, ಮಗುವನ್ನು ಪಕ್ಕದ ಮನೆಯಲ್ಲಿ ಬಿಡುವುದು, ಅತ್ತೆಯ ಮುಖ ನೋಡುವುದು, ಆಟೋಕ್ಕೆ ದುಡ್ಡು ಹೊಂದಿಸುವುದು. ಮೊದಲ ದಿನಕ್ಕೇ ಇದನ್ನೆಲ್ಲ ಮಾಡಲು ಆಕೆಗೆ ಎರಡು ತಿಂಗಳು ಹಿಡಿದಿರುತ್ತದೆ. ಎರಡನೆಯ ದಿನ ಆಕೆ ಬರುವುದಿಲ್ಲ. ಬಾರದ ಆಕೆಯನ್ನು ನಾವು ‘ತಿಳಿವಳಿಕೆ ಇಲ್ಲದವಳು’ ಎಂದು ಕರೆದು ಭಾಷಣ ಮಾಡುತ್ತೇವೆ. ಆದ್ದರಿಂದ ನನ್ನ ತಗಾದೆ ಇಷ್ಟೇ: ಹೆಂಗಸು ಆಸ್ಪತ್ರೆಯ ಮೆಟ್ಟಿಲು ಹತ್ತಿದ ದಿನವೇ ಆಕೆಯ ಪರೀಕ್ಷೆಯಾಗಬೇಕು, ಅಂದೇ ಮದ್ದು ಕೈಗೆ ಬರಬೇಕು.

ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸೊಬ್ಬಳಿದ್ದಳು. ವಯಸ್ಸು ನಲವತ್ತರ ಮೇಲೆ. ತಿಂಗಳ ಮುಟ್ಟು ಹತ್ತು ಹನ್ನೆರಡು ದಿನ ನಿಲ್ಲುತ್ತಿರಲಿಲ್ಲ. ಅನ್ನದ ಪಾತ್ರೆ ಇಳಿಸಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. “ಸುಸ್ತು ಟೀಚರಮ್ಮ, ಬಿಸಿಲಿಗೆ” ಎನ್ನುವಳು. ನಾನೂ ಇನ್ನೊಬ್ಬ ಸಹೋದ್ಯೋಗಿಯೂ ಒತ್ತಾಯ ಮಾಡಿ, ಅಡುಗೆಗೆ ಬದಲಿಯನ್ನು ಹುಡುಕಿಕೊಟ್ಟು ದೊಡ್ಡಾಸ್ಪತ್ರೆಗೆ ಕಳಿಸಿದೆವು. ಒಂಬತ್ತಕ್ಕೆ ಚೀಟಿ, ಹನ್ನೊಂದಕ್ಕೆ ಡಾಕ್ಟರು. ರಕ್ತಪರೀಕ್ಷೆ ಬರೆದರು. ಲ್ಯಾಬಿನ ಮುಂದೆ ಒಂದು ಗಂಟೆ. ರಕ್ತ ಕೊಟ್ಟದ್ದಾಯಿತು, ರಿಪೋರ್ಟು ಮೂರರ ಮೇಲೆ ಎಂದರು. ಮೂರರ ಮೇಲೆ ರಿಪೋರ್ಟೇನೋ ಬಂತು, ನೋಡುವ ಡಾಕ್ಟರು ಇರಲಿಲ್ಲ. ನಾಳೆ ಬನ್ನಿ! ಮರುದಿನ ನೂರೈವತ್ತು ಮಕ್ಕಳಿಗೆ ಅನ್ನ ಬೇಯಿಸಬೇಕಿತ್ತು. ಬದಲಿಗೆ ಬಂದಿದ್ದವಳು ತನಗೆ ಆಗದು ಎಂದಿದ್ದಳು. ಆ ಚೀಟಿ ಅಡುಗೆಮನೆಯ ಗೂಡಿನಲ್ಲಿ, ಬೇಳೆ ಡಬ್ಬದ ಹಿಂದೆ ಉಳಿಯಿತು. ಮೂರು ತಿಂಗಳ ನಂತರ ಅವಳು ಒಲೆಯ ಮುಂದೆಯೇ ಬಿದ್ದಳು. ಹಿಮೋಗ್ಲೋಬಿನ್ ಐದಕ್ಕೆ ಇಳಿದಿತ್ತು. ಬಾಟಲಿಗಟ್ಟಲೆ ಬೇರೆಯವರ ರಕ್ತ ಏರಿಸಿ ಉಳಿಸಿದರು.

ಇಲ್ಲಿ ನನಗೆ ಸಿಟ್ಟು ಬರುವುದು ಏಕೆಂದರೆ, ಹಿಮೋಗ್ಲೋಬಿನ್ ನೋಡಲು ಮೂರು ಗಂಟೆ ಬೇಡವೇ ಬೇಡ. ಬೆರಳ ತುದಿಗೆ ಒಂದು ಚುಚ್ಚು, ಒಂದು ಹನಿ ರಕ್ತ, ಅಂಗೈಯಲ್ಲಿ ಹಿಡಿಸುವ ಒಂದು ಯಂತ್ರ. ನಿಮಿಷದೊಳಗೆ ಅಂಕಿ ಬರುತ್ತದೆ. ಬಸುರಿಯಲ್ಲದ ಹೆಂಗಸಿಗೆ ಅದು 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ, 8ಕ್ಕಿಂತ ಕೆಳಗಿದ್ದರೆ ಅದು ತೀವ್ರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 47.8 ಮಂದಿ ರಕ್ತಹೀನರು. ಹಾಗೆಂದರೆ ಮದುವೆಮನೆಯ ಪಂಕ್ತಿಯಲ್ಲಿ ನಿಮ್ಮ ಬಲಕ್ಕೆ ಕುಳಿತವಳೋ ಎಡಕ್ಕೆ ಕುಳಿತವಳೋ, ಅಥವಾ ನೀವೋ. ಚೀಟಿ ಕೊಡುವ ಜಾಗದಲ್ಲೇ ಒಬ್ಬ ಸಿಸ್ಟರು ಕುಳಿತು ಬಿಪಿ, ಸಕ್ಕರೆ, ಹಿಮೋಗ್ಲೋಬಿನ್ ನೋಡಿ ಅಂಕಿಯನ್ನು ಚೀಟಿಯ ಮೇಲೆ ಬರೆದು ಒಳಗೆ ಕಳಿಸಿದರೆ ಡಾಕ್ಟರಿಗೂ ಒಂದು ಸುತ್ತು ಉಳಿಯುತ್ತದಲ್ಲ? ನೂರಾರು ರೋಗಿಗಳ ನಡುವೆ ಊಟಕ್ಕೂ ಏಳಲಾಗದ ವೈದ್ಯರನ್ನು ನಾನು ಕಂಡಿದ್ದೇನೆ, ಅವರ ಮೇಲೆ ನನ್ನ ದೂರಿಲ್ಲ. ನನ್ನ ದೂರು ವೇಳಾಪಟ್ಟಿಯ ಮೇಲೆ. ಮೂವತ್ತು ವರ್ಷ ಶಾಲೆಯ ವೇಳಾಪಟ್ಟಿ ಹಾಕಿದವಳು ನಾನು. ಗಣಿತದ ಪಾಠ ಇವತ್ತು, ಲೆಕ್ಕ ಮಾಡುವುದು ಮುಂದಿನ ವಾರ ಎಂದು ಹಾಕಿದರೆ ಮಕ್ಕಳು ಏನು ಕಲಿತಾರು?

ಮೂತ್ರದ ಸೋಂಕನ್ನೇ ತೆಗೆದುಕೊಳ್ಳಿ. ಶೌಚಾಲಯಕ್ಕೆ ನೀರಿಲ್ಲದ ಶಾಲೆ, ಕಚೇರಿ, ಬಸ್‌ಸ್ಟ್ಯಾಂಡುಗಳಲ್ಲಿ ದಿನವಿಡೀ ತಡೆದುಕೊಂಡು, ಅದಕ್ಕೆಂದೇ ನೀರು ಕುಡಿಯದೆ ಇರುವ ನಮ್ಮಂಥವರಿಗೆ ಇದು ಹೊಸತೇನಲ್ಲ. ಉರಿ, ಚಳಿ, ಹೇಳಿಕೊಳ್ಳಲು ನಾಚಿಕೆ. ಮೂತ್ರದಲ್ಲಿ ಒಂದು ಪಟ್ಟಿ ಅದ್ದಿದರೆ ಎರಡು ನಿಮಿಷದಲ್ಲಿ ಸೋಂಕಿನ ಸುಳಿವು ಸಿಗುತ್ತದೆ. ಕಲ್ಚರ್ ಪರೀಕ್ಷೆಗೆ ಎರಡು ದಿನ ಬೇಕು, ನಿಜ. ಆದರೆ ಆ ಎರಡು ದಿನ ಉರಿಯಲ್ಲೇ ಬೇಯಿರಿ ಎಂದು ಯಾವ ವೈದ್ಯಶಾಸ್ತ್ರವೂ ಹೇಳುವುದಿಲ್ಲ. ಮದ್ದು ಶುರು ಮಾಡಿ, ವರದಿ ಬಂದ ಮೇಲೆ ಬೇಕಿದ್ದರೆ ಬದಲಿಸುತ್ತಾರೆ.

ಇನ್ನು ಗರ್ಭಕೊರಳಿನ ಕ್ಯಾನ್ಸರು. ಮೂವತ್ತು ದಾಟಿದ ಹೆಂಗಸರೆಲ್ಲ ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿಕೊಳ್ಳಬೇಕೆಂದು ಸರ್ಕಾರವೇ 2016ರಲ್ಲಿ ಹೇಳಿದೆ. ತರಬೇತಿ ಪಡೆದ ಸಿಸ್ಟರೇ ಮಾಡಬಹುದಾದ ಸರಳ ಪರೀಕ್ಷೆ ಅದು. ನೀರು ಬೆರೆಸಿದ ಅಸಿಟಿಕ್ ಆಮ್ಲವನ್ನು ಗರ್ಭಕೊರಳಿಗೆ ಸವರಿ ಒಂದು ನಿಮಿಷ ಕಾದರೆ, ತೊಂದರೆಯಿರುವ ಜಾಗ ಬೆಳ್ಳಗಾಗಿ ಕಾಣುತ್ತದೆ. ಕ್ಯಾನ್ಸರಾಗುವ ಮುನ್ನಿನ ಹಂತದಲ್ಲಿದ್ದರೆ, ಹಲವರಿಗೆ ಅಂದೇ, ಅಲ್ಲಿಯೇ ಆ ಜಾಗವನ್ನು ಶೀತದಿಂದಲೋ ಶಾಖದಿಂದಲೋ ಸುಟ್ಟು ಕಳಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ ‘ನೋಡಿದ ದಿನವೇ ಚಿಕಿತ್ಸೆ’ಗೆ ಒಪ್ಪಿಗೆ ಕೊಟ್ಟಿರುವುದು ಇದೇ ಕಾರಣಕ್ಕೆ: ಮತ್ತೆ ಬರಲು ಹೇಳಿದರೆ ಹೆಂಗಸರು ಬರುವುದಿಲ್ಲವೆಂಬುದು ಅವರಿಗೂ ಗೊತ್ತು. ಆದರೆ ನಮ್ಮಲ್ಲಿ ಆಗುವುದೇನು? ನೋಡುವುದು ಇಲ್ಲಿ, ಚಿಕಿತ್ಸೆ ಜಿಲ್ಲಾ ಆಸ್ಪತ್ರೆಯಲ್ಲಿ, ಕಾಗದ ಹಿಡಿದು ಬಸ್ಸು ಹತ್ತಬೇಕಾದವಳು ಯಾರಿಗೂ ಹೇಳದೆ ಮನೆಗೆ. ಮೇಲೆ ಹೇಳಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49 ವಯಸ್ಸಿನವರಲ್ಲಿ ಈ ತಪಾಸಣೆ ಒಮ್ಮೆಯಾದರೂ ಆದವರು ನೂರಕ್ಕೆ ಇಬ್ಬರೂ ಇಲ್ಲ.

“ಅಮೆರಿಕದಲ್ಲಿ ಹಾಗಲ್ಲ ದೊಡ್ಡಮ್ಮ” ಎನ್ನುತ್ತಾಳೆ ನನ್ನ ತಂಗಿಯ ಮಗಳು. ಅಲ್ಲಿ ‘ಅರ್ಜೆಂಟ್ ಕೇರ್’ ಎಂಬ ಕ್ಲಿನಿಕ್ಕುಗಳಿವೆಯಂತೆ. ಮೊದಲೇ ಹೊತ್ತು ಗೊತ್ತು ಮಾಡಬೇಕಿಲ್ಲ, ಸಂಜೆಯೂ ಭಾನುವಾರವೂ ತೆರೆದಿರುತ್ತವೆ. ಗಂಟಲು ನೋವೆಂದು ಹೋದರೆ ಹತ್ತಿಪ್ಪತ್ತು ನಿಮಿಷದಲ್ಲಿ ಪರೀಕ್ಷೆ ಮುಗಿದು ಔಷಧದ ಚೀಟಿ ಕೈಯಲ್ಲಿ. ಕೇಳಲು ಚೆನ್ನ. ಬಿಲ್ಲು ಎಷ್ಟಾಯಿತೆಂದು ಕೇಳಿದೆ, ಹುಡುಗಿ ಮಾತು ಬದಲಿಸಿದಳು. ನನಗೆ ಬೇಕಾದದ್ದು ಆ ಬಿಲ್ಲಲ್ಲ, ಆ ಹೊತ್ತು. ನಮ್ಮ ರಾಜ್ಯದಲ್ಲೂ 2022ರ ಡಿಸೆಂಬರಿನಲ್ಲಿ ‘ನಮ್ಮ ಕ್ಲಿನಿಕ್’ ಶುರುವಾದಾಗ ನಾನು ಸಂತೋಷಪಟ್ಟೆ. ಊರೊಳಗೇ ಡಾಕ್ಟರು, ಲ್ಯಾಬು, ಔಷಧ ಎಲ್ಲ ಒಂದೇ ಸೂರಿನಡಿ, ಅದೂ ಬಿಟ್ಟಿ. ಬಹಳ ಒಳ್ಳೆಯ ಯೋಚನೆ. ಆದರೆ ಆಗ ಗೊತ್ತುಮಾಡಿದ ವೇಳೆ ಬೆಳಿಗ್ಗೆ 9ರಿಂದ ಸಂಜೆ 4.30! ಶಾಲೆ ಬಿಡುವುದು ಯಾವಾಗ, ಗಾರ್ಮೆಂಟ್ಸ್ ಬಿಡುವುದು ಯಾವಾಗ, ಮನೆಗೆಲಸದವಳು ಐದನೆಯ ಮನೆಯ ಪಾತ್ರೆ ಮುಗಿಸುವುದು ಯಾವಾಗ? ಗಡಿಯಾರ ನೋಡಿದವರು ಯಾರೋ, ಅವರ ಮನೆಯಲ್ಲಿ ದುಡಿಯುವ ಹೆಂಗಸು ಇರಲಿಲ್ಲವೇನೋ.

ಈ ಖಾಲಿ ಜಾಗಕ್ಕೇ ಖಾಸಗಿ ಲ್ಯಾಬುಗಳು ನುಗ್ಗಿರುವುದು. ಬೆಳಿಗ್ಗೆ ಆರಕ್ಕೆ ಮನೆಗೇ ಬಂದು ರಕ್ತ ತೆಗೆದು ಸಂಜೆಗೆ ಫೋನಿಗೇ ವರದಿ ಕಳಿಸುತ್ತಾರೆ. ಇದನ್ನು ನೋಡಿ ‘ಅಂದೇ ಪರೀಕ್ಷೆ ಬೇಕೆನ್ನುವವಳು ಈ ವ್ಯಾಪಾರದ ಪರವೇ’ ಎಂದು ಯಾರಾದರೂ ನನ್ನನ್ನು ಕೇಳಿಯಾರು. ಅಲ್ಲವೇ ಅಲ್ಲ. ಮಹಿಳಾ ದಿನಾಚರಣೆ ಬಂದರೆ ಸೀರೆ ಅಂಗಡಿಯವರ ಜೊತೆ ಇವರೂ ರಿಯಾಯಿತಿ ಸಾರುತ್ತಾರೆ. ಎಂಬತ್ತು ಪರೀಕ್ಷೆ, ಅರ್ಧ ಬೆಲೆ! ವರದಿಯಲ್ಲಿ ಕೆಂಪಕ್ಷರದ ಅಂಕಿ ನಾಲ್ಕು, ಅದನ್ನು ಓದಿ ಹೇಳುವವರು ಯಾರೂ ಇಲ್ಲ. ಜ್ವರದ ಎರಡನೆಯ ದಿನವೇ ವಿಡಾಲ್ ಪರೀಕ್ಷೆ ಮಾಡಿ ‘ಟೈಫಾಯ್ಡ್’ ಎಂದು ಐದು ದಿನ ಗ್ಲೂಕೋಸ್ ಹಾಕುವವರಿಗೆ ನಮ್ಮೂರಲ್ಲಿ ಬರವಿಲ್ಲ. ಆ ಪರೀಕ್ಷೆ ಹುಡುಕುವ ಪ್ರತಿಕಾಯಗಳು ರಕ್ತದಲ್ಲಿ ಸರಿಯಾಗಿ ಏರಲು ಸುಮಾರು ಒಂದು ವಾರ ಬೇಕು. ಹಿಂದೆಂದೋ ಆದ ಸೋಂಕಿಗೂ ಅದು ಹೌದೆನ್ನಬಹುದು. ಡೆಂಗಿಯಲ್ಲಿ ಇದಕ್ಕೆ ಉಲ್ಟಾ. ಎನ್‌ಎಸ್1 ಪರೀಕ್ಷೆ ಫಲ ಕೊಡುವುದು ಜ್ವರದ ಮೊದಲ ಐದು ದಿನಗಳಲ್ಲಿ, ಆಮೇಲೆ ಐಜಿಎಂ. 2024ರ ಮಳೆಗಾಲದಲ್ಲಿ ಡೆಂಗಿ ಏರಿದಾಗ ಈ ಪರೀಕ್ಷೆಗಳಿಗೆ ಸರ್ಕಾರ ತಲಾ 300 ರೂಪಾಯಿಯ ಮಿತಿ ಹಾಕಬೇಕಾಯಿತು. ಹಾಕುವವರೆಗೂ ಕಿತ್ತವರು ಎಷ್ಟು ಕಿತ್ತರೋ! ಯಾವ ದಿನ ಯಾವ ಪರೀಕ್ಷೆ ಎಂದು ತಿಳಿದ ವೈದ್ಯರ ಕೈಯಲ್ಲೇ ಪರೀಕ್ಷೆ ಇರಬೇಕು, ಅಂದೇ ಇರಬೇಕು. ಎರಡೂ ಒಟ್ಟಿಗೆ ಬೇಕೆಂದರೆ ಅತಿಯಾಸೆಯೇ?

ಒಂದು ಮಾತು ಮಾತ್ರ ಮರೆಯಬೇಡಿ. ಎದೆ ಹಿಂಡಿದಂತಾಗಿ ಬೆವರಿದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಕೈ ಎತ್ತಲಾಗದಿದ್ದರೆ ಮೂಲೆಯ ಕ್ಲಿನಿಕ್ಕೂ ಬೇಡ, ಲ್ಯಾಬೂ ಬೇಡ, ನೇರವಾಗಿ 108ಕ್ಕೆ ಫೋನು ಮಾಡಿ. ಹೆಂಗಸರಿಗೆ ಹೃದಯಾಘಾತ ಎಷ್ಟೋ ಸಲ ದವಡೆ ನೋವಾಗಿ, ಬೆನ್ನು ನೋವಾಗಿ, ಬರೀ ಏದುಸಿರಾಗಿ ಬರುತ್ತದೆ. ನಾವು ಅದನ್ನು ‘ಗ್ಯಾಸ್ಟ್ರಿಕ್’ ಎಂದು ಓಮಿನ ಕಷಾಯ ಕುಡಿದು ಮಲಗುತ್ತೇವೆ. ಮನೆಯವರೂ ಮಲಗು ಎನ್ನುತ್ತಾರೆ. ಗಂಡನ ಸಕ್ಕರೆ ಎಷ್ಟು, ಅತ್ತೆಯ ಬಿಪಿ ಎಷ್ಟು ಎಂದು ನಮಗೆ ಮಗ್ಗಿಯಂತೆ ಬಾಯಿಪಾಠ. ನಮ್ಮ ಹಿಮೋಗ್ಲೋಬಿನ್ ಎಷ್ಟೆಂದು ಆ ಮನೆಯಲ್ಲಿ ಬಲ್ಲವರು ಯಾರು?

ನಿಮ್ಮ ತಾಲ್ಲೂಕು ಆಸ್ಪತ್ರೆಗೂ ಒಂದು ಆರೋಗ್ಯ ರಕ್ಷಾ ಸಮಿತಿ ಇದೆ. ಅದರ ಸದಸ್ಯರಲ್ಲಿ ಒಬ್ಬರಾದರೂ ನಿಮ್ಮ ಬೀದಿಯವರೋ, ನಿಮ್ಮ ಭಜನಾ ಮಂಡಳಿಯವರೋ, ನಿಮ್ಮ ಮಗನ ಸ್ನೇಹಿತನ ತಂದೆಯೋ ಇರುತ್ತಾರೆ. ಕಂಡಾಗ ಎರಡೇ ಪ್ರಶ್ನೆ ಕೇಳಿ: ಬೆಳಿಗ್ಗೆ ತೆಗೆದ ರಕ್ತದ ವರದಿ ಎಷ್ಟು ಗಂಟೆಗೆ ಬರುತ್ತದೆ? ಅದು ಬಂದಾಗ ನೋಡಲು ಡಾಕ್ಟರು ಇರುತ್ತಾರೆಯೇ? ಮುಂದಿನ ಸಭೆಯಲ್ಲಿ ಕೇಳಿ ಹೇಳುತ್ತೇನೆ ಎಂದರೆ, ಸಭೆಯ ತಾರೀಖು ಯಾವುದೆಂದು ಕೇಳಿ ಬರೆದಿಟ್ಟುಕೊಳ್ಳಿ.