ಬಚ್ಚಲೊಲೆಯಲ್ಲಿ ಹೊಗೆ ಇರಲಿಲ್ಲ

ನಿನ್ನೆ ಬೆಳಗ್ಗೆ ತೋಟಕ್ಕೆ ಹೊರಟಾಗ ಆಚೆಮನೆ ಅಜ್ಜಿಯ ಬಚ್ಚಲೊಲೆಯಲ್ಲಿ ಹೊಗೆ ಕಾಣಲಿಲ್ಲ. ಕೊಟ್ಟಿಗೆಯಲ್ಲಿ ದನ ಕೂಗ್ತಾ ಇತ್ತು. ಓಡಿಹೋಗಿ ನೋಡಿದ್ರೆ, ಹಿಂದಿನ ಸಂಜೆ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದವರು ರಾತ್ರಿಯಿಡೀ ಜಗಲಿಗೆ ಒರಗಿ ಕೂತಿದ್ದಾರೆ.

"ಕೂಗಬಾರದಿತ್ತಾ ಅಜ್ಜಿ?"

"ಕೂಗಿದೆ ಮಾರಾಯ. ಮಳೆ ಸದ್ದಿಗೆ ಯಾರಿಗೆ ಕೇಳ್ತದೆ?"

ಮಗ ಬೆಂಗಳೂರಿಂದ ಬಂದು ಕ್ಯಾಮರಾ ಹಾಕಿಸಿದ್ದಾನೆ. ಕರೆಂಟು ಹೋದ್ರೆ ಅದು ಕುರುಡು, ಟವರೂ ಸತ್ತಿರುತ್ತೆ. ಅವನನ್ನು ಬೈಯೋದು ಸುಲಭ. ಆದ್ರೆ ಆ ಸಂಜೆ ಅದೇ ದಾರೀಲಿ ಬಂದವನು ನಾನು. ತಿರುಗಿ ನೋಡಿರಲಿಲ್ಲ.

ತುರ್ತಿಗೆ 112. ಹಿರಿಯರ ಸಹಾಯವಾಣಿ 14567, ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ. ಗೋಡೆ ಮೇಲೆ ದೊಡ್ಡದಾಗಿ ಬರೆದಿಡಿ. ಆದ್ರೆ ಗುಡ್ಡಕ್ಕೊಂದು ಮನೆ ಇರೋ ನಮ್ಮ ಮಲೆನಾಡಲ್ಲಿ ನಂಬರ್ ಒಂದೇ ಸಾಲದು. ಮಳೆಗಾಲಕ್ಕೆ ಮುಂಚೆ ಅವರ ಅಂಗಳಕ್ಕೂ ದಬ್ಬೆ ಹಾಸಿಕೊಡೋಣ. ಕೊರಳಿಗೊಂದು ಸೀಟಿ ಕಟ್ಟಿಕೊಳ್ಳಲಿ. ಇನ್ನೊಂದು ಬೀಗದಕೈ ಪಕ್ಕದ ಮನೇಲಿರಲಿ. ಬೆಳಗ್ಗೆ ಒಂದ್ಸಲ, ದೀಪ ಹಚ್ಚೋ ಹೊತ್ತಿಗೆ ಒಂದ್ಸಲ ಯಾರಾದ್ರೂ ಕೂಗಿ ಮಾತಾಡಿಸಲಿ.

ಮಂಗ ಬಂತಾ ಅಂತ ದಿನಕ್ಕೆ ನಾಲ್ಕು ಸಲ ತೋಟ ನೋಡ್ತೀವಲ್ಲ. ಬರ್ತಾ ಆ ಜಗಲಿ ಕಡೆಗೂ ಕಣ್ಣು ಹಾಯಿಸಿದ್ರೆ ಏನು ಹೋಗುತ್ತೆ?